ಟಬ್ಬಿನ ಬಾಯಿ ಕಟ್ಟಿದವಳು

ಹಿಂದಿನ ದಿನ ಎದ್ದಾಗಿನಿಂದ ಮಲಗುವವರೆಗೆ ತಾನು ಒಂದೇ ಒಂದು ಮಾತನ್ನೂ ಆಡಿರಲಿಲ್ಲ ಎನ್ನುವುದು ಅವಳಿಗೆ ಹೊಳೆದದ್ದು ಬೆಳಿಗ್ಗೆ ಹಲ್ಲುಜ್ಜುವಾಗ. ಅದು ಮನೆಯಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ. ಸಣ್ಣ ಚಿಂತೆ, ಇನ್ನೊಬ್ಬರ ಮುಂದೆ ಹೇಳಿದರೆ ನಗೆಪಾಟಲಾಗುವಂಥದು. ಅದಕ್ಕೇ ಡೈರಿಗೆ ಮಾತ್ರ ಹೇಳಿಕೊಂಡಳು: ‘ನನ್ನ ದನಿ ನಿಂತೇ ಹೋದರೆ ಇವರಿಗೆ ಗೊತ್ತಾಗಲು ಎಷ್ಟು ಕಾಲ ಹಿಡಿದೀತು?’ ಹೊರಗೆ ಚಿಕ್ಕಪ್ಪನ ವ್ಯಾನು ಹಾರ್ನ್ ಹಾಕಿತು. ಪುಸ್ತಕ ಮುಚ್ಚಿ ಇಳಿದಳು.

ಪದವಿ ಮುಗಿಸಿ ಮನೆಯ ಮೂಲೆ ಹಿಡಿದು ಕೂತಿದ್ದವಳನ್ನು ಚಿಕ್ಕಪ್ಪ ತನ್ನ ಕೆಲಸಕ್ಕೆ ಸೇರಿಸಿಕೊಂಡಿದ್ದ. ಬಾಡಿಗೆ ಮನೆಗಳ ಸವೆದ ಬಾತ್‌ಟಬ್ಬುಗಳಿಗೆ ಹೊಸ ಮೈ ಕೊಡುವುದು ಅವನ ಕಸುಬು. ಹಳೆಯದನ್ನು ಕಿತ್ತು ಬೇರೆ ಕೂರಿಸಬೇಕೆಂದರೆ ನೆಲ ಅಗೆಯಬೇಕು, ಗೋಡೆ ಒಡೆಯಬೇಕು. ಚಿಕ್ಕಪ್ಪ ಅದೇ ಟಬ್ಬನ್ನು ಆಸಿಡ್ಡಿನಲ್ಲಿ ತೊಳೆದು, ಎಮರಿ ಪೇಪರಿನಲ್ಲಿ ತಿಕ್ಕಿ, ಚಕ್ಕೆ ಎದ್ದಲ್ಲಿ ಪುಟ್ಟಿ ಮೆತ್ತಿ, ಮೇಲೆ ಹಾಲಿನಂಥ ಬಣ್ಣ ಹೊಡೆದು ನಿಲ್ಲಿಸುತ್ತಿದ್ದ. “ಮುದುಕಿಗೆ ಮದುವಣಗಿತ್ತಿ ಮೇಕಪ್ಪು” ಎಂದು ಎಲ್ಲ ಮಾಲೀಕರ ಮುಂದೆಯೂ ಅದೇ ಜೋಕು. ಅವರೂ ನಗುತ್ತಿದ್ದರು, ಕೆಲಸ ಕೊಡುತ್ತಿದ್ದರು. ಅವಳ ಅಪ್ಪ ಹೋದ ಮೇಲೆ ಚಿಕ್ಕಪ್ಪನ ಆ ಬಾಯಿಯೇ ಎರಡು ಸಂಸಾರ ಸಾಕುತ್ತಿತ್ತು. ಅವಳಿಗೆ ‘ಮೂಗಿ’ ಎಂದು ಹೆಸರಿಟ್ಟದ್ದೂ ಅದೇ ಬಾಯಿ. ಅವಳು ತೊಡುವ ನೀಲಿ ಮೇಲಂಗಿ ಹಿಂದಿನ ಕೆಲಸಗಾರನದು. ಸದಾ ಶಿಳ್ಳೆ ಹಾಕುತ್ತಿದ್ದನಂತೆ. ಹೇಳದೆ ಕೇಳದೆ ಬಿಟ್ಟುಹೋದ ಎಂದಿದ್ದ ಚಿಕ್ಕಪ್ಪ.

ಆ ದಿನದ ಕೆಲಸ ಒಂದು ಹಳೆಯ ಕಟ್ಟಡದ ಮೇಲಿನ ಮನೆಯಲ್ಲಿತ್ತು. ಬಣ್ಣ ಚಿಮ್ಮಿಸುವ ಕಂಪ್ರೆಸರ್ ಹೊತ್ತು ಮೆಟ್ಟಿಲ ಬುಡಕ್ಕೆ ಬಂದಾಗ, ಕೆಳಗಿನ ಮನೆಯ ಬಾಗಿಲಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಂಗಸು ಪೆಡಲು ನಿಲ್ಲಿಸಿದಳು. ತುಟಿಗಳ ನಡುವೆ ಕಚ್ಚಿ ಹಿಡಿದ ಗುಂಡುಪಿನ್ನುಗಳನ್ನು ಒಂದೊಂದಾಗಿ ಅಂಗೈಗೆ ಉಗುಳಿದಳು.

“ಟಬ್ಬಿಗಾ?”

“ಹೂಂ ಅಕ್ಕಾ. ಮತ್ತೆ ಬಣ್ಣ ಎದ್ದಿದೆಯಂತೆ,” ಎಂದ ಚಿಕ್ಕಪ್ಪ.

ದರ್ಜಿ ಹೆಂಗಸು ಚಿಕ್ಕಪ್ಪನನ್ನು ನೋಡಲಿಲ್ಲ, ಅವಳನ್ನು ನೋಡಿದಳು. “ಅದರ ಬಾಯಿ ಕಟ್ಟಬೇಡಮ್ಮ.”

ಬಣ್ಣ ಹೊಡೆಯುವ ಮುಂಚೆ ನೀರಿಳಿಯುವ ತೂತಿಗೆ ಬಟ್ಟೆ ತುರುಕಿ, ಮೇಲೆ ಟೇಪು ಅಂಟಿಸುವುದಕ್ಕೆ ಈ ಕಸುಬಿನವರು ಬಾಯಿ ಕಟ್ಟೋದು ಎನ್ನುತ್ತಾರೆ. ಕಟ್ಟದಿದ್ದರೆ ಬಣ್ಣ ಪೈಪಿಗಿಳಿದು ಕೆಲಸ ಕೆಡುತ್ತದೆ.

“ಅದರೊಳಗೆ ಮಾಟ ಇದೆ. ಕಟ್ಟಿದವರ ಬಾಯೇ ಕಟ್ಟಿಹೋಗುತ್ತೆ.”

“ಅಯ್ಯೋ ಅಕ್ಕಾ, ನಮ್ಮ ಮೂಗಿ ಹುಟ್ಟುವಾಗಲೇ ಕಟ್ಟಿಸ್ಕೊಂಡು ಬಂದಿದಾಳೆ ಬಿಡಿ!” ಚಿಕ್ಕಪ್ಪ ನಕ್ಕ. ಮೆಟ್ಟಿಲೆಲ್ಲ ಮೊಳಗುವಷ್ಟು ಜೋರಾಗಿ ನಕ್ಕ.

ಅವಳಿಗೂ ನಗು ಬಂತು. ಟಬ್ಬಿಗೆ ಬಾಯಿಯಂತೆ, ಅದಕ್ಕೊಂದು ಮಾಟವಂತೆ. ಎಂದೂ ಇಲ್ಲದ ಧೈರ್ಯ ಎಲ್ಲಿಂದಲೋ ಬಂದು, “ಅದನ್ನೇ ಒಂದು ಮಾತು ಕೇಳಿ ಕಟ್ತೀನಿ ಬಿಡಿ” ಎಂದುಬಿಟ್ಟಳು. ದರ್ಜಿ ಹೆಂಗಸು ನಗಲಿಲ್ಲ. ಪಿನ್ನುಗಳನ್ನು ಮತ್ತೆ ತುಟಿಗೆ ಸಿಕ್ಕಿಸಿಕೊಂಡಳು.

ಬಚ್ಚಲಮನೆಯ ಕಿಟಕಿಗೆ, ಗೋಡೆಗೆ, ಕನ್ನಡಿಗೆ ಕಾಗದ ಹೊದಿಸಿದ ಮೇಲೆ ಒಳಗೆ ಮಬ್ಬುಗತ್ತಲೆ ಉಳಿಯಿತು. ಟಬ್ಬು ಭಾರಿ ಕಬ್ಬಿಣದ್ದು. ಎಲ್ಲ ಕಡೆ ಬಣ್ಣ ಸರಿಯಾಗಿಯೇ ಇತ್ತು, ನೀರಿಳಿಯುವ ತೂತಿನ ಸುತ್ತ ಮಾತ್ರ ಸಿಪ್ಪೆ ಎದ್ದು ಸುರುಟಿಕೊಂಡಿತ್ತು. ಒಣಗಿದ ತುಟಿಗಳ ಹಾಗೆ. ಯಾವಾಗಲೂ ತಾನೇ ಬಾಯಿ ಕಟ್ಟುತ್ತಿದ್ದ ಚಿಕ್ಕಪ್ಪ ಇವತ್ತು ಹೊಸ್ತಿಲು ದಾಟಲಿಲ್ಲ.

“ಥಿನ್ನರ್ ಸಾಲಲ್ಲ ಕಣೇ, ತಂದ್ಬಿಡ್ತೀನಿ. ಬಾಯಿ ನೀನೇ ಕಟ್ಟು. ಬಣ್ಣಾನೂ ಹೊಡೆದುಬಿಡು.”

ಅವಳು ಮೊಣಕಾಲೂರಿ ಟಾರ್ಚು ಹಿಡಿದಳು. ಕತ್ತಲ ಕೊಳವೆಯಲ್ಲಿ ಕೂದಲ ಉಂಡೆ. ಅದೇನೂ ಹೊಸದಲ್ಲ, ಎಲ್ಲ ಟಬ್ಬಿನಲ್ಲೂ ಇರುತ್ತದೆ. ಆದರೆ ಈ ಕೂದಲಿಗೆ ಕಪ್ಪು ದಾರ ಸುತ್ತಿತ್ತು. ದಾರದ ತುಂಬ ಗಂಟು. ಗಂಟುಗಳ ನಡುವೆ ಮೇಣದ್ದೊಂದು ತುಂಡು, ಚಪ್ಪಟೆ, ತುದಿ ಚೂಪು. ನಾಲಿಗೆಯ ಆಕಾರ. ಅದರ ನಟ್ಟನಡುವೆ ಸೂಜಿ ಚುಚ್ಚಿತ್ತು. ಡೈರಿಗೆ ಒಳ್ಳೆಯ ವಿಷಯ ಸಿಕ್ಕಿತು ಎಂದುಕೊಂಡಳು. ಕೋಲಿನಿಂದ ಅದನ್ನು ಒಳಕ್ಕೆ ದಬ್ಬಿದಳು, ಬಟ್ಟೆ ತುರುಕಿದಳು, ಟೇಪು ಎಳೆದು ಅಂಚು ಉಜ್ಜಿದಳು. ಮಾಸ್ಕು ಹಾಕಿ ಕಂಪ್ರೆಸರ್ ಹಚ್ಚಿದಳು.

ಬಿಳಿ ಮಂಜು ಹಾರಿತು. ಮಾಸ್ಕು ಇದ್ದಾಗ ಯಾವ ವಾಸನೆಯೂ ಮೂಗಿಗೆ ಬರಬಾರದು. ಬಂತು. ಬಣ್ಣದ ವಾಸನೆಯಲ್ಲ. ಬಹಳ ಹೊತ್ತು ಮುಚ್ಚಿಟ್ಟ ಬಾಯಿಯ ವಾಸನೆ. ಹಳಸಿದ ಎಂಜಲು, ತುಕ್ಕು, ಬಿಸಿ ಉಸಿರು. ಬಣ್ಣದ ಗನ್ನು ಕೆಳಗಿಳಿಸಿದಳು. ಯಂತ್ರದ ಗರ್ಜನೆಯ ಅಡಿಯಲ್ಲಿ ಇನ್ನೊಂದು ದನಿ. ಮ್... ಮ್ಮ್... ಬಾಯಿಗೆ ಕೈ ಒತ್ತಿಸಿಕೊಂಡವರು ಕೂಗಿದ ಹಾಗೆ. ಯಂತ್ರ ಆರಿಸಿದಳು. ನಿಶ್ಶಬ್ದ. ಮತ್ತೆ ಹಚ್ಚಿದಳು. ಮ್ಮ್... ಟೇಪು ಉಬ್ಬಿತು. ತಗ್ಗಿತು. ಉಬ್ಬಿತು. ಫ್ಯಾನಿನ ಗಾಳಿ, ಅಷ್ಟೆ. ತಿರುಗಿ ನೋಡಿದಳು. ಫ್ಯಾನು ಹಚ್ಚಿರಲೇ ಇಲ್ಲ. ಓಡಬೇಕು. ಕಾಲು ಏಳಲಿಲ್ಲ. ಕೈ ಮಾತ್ರ ಗನ್ನು ಎತ್ತಿತು. ಬಣ್ಣ ಹೊಡೆಯಿತು. ಒಂದು ಪದರ. ಇನ್ನೊಂದು. ಟೇಪು ಕಾಣದಾಯಿತು. ಉಬ್ಬುವುದು ನಿಂತಿತು. ಆಗ ಅವಳ ತುಟಿಗಳು ತಣ್ಣಗಾದವು. ಹಲ್ಲಿನ ಡಾಕ್ಟರು ವಸಡಿಗೆ ಸೂಜಿ ಚುಚ್ಚಿದ ಮೇಲೆ ಆಗುತ್ತದಲ್ಲ, ಹಾಗೆ. ಮೊದಲು ತುಟಿ. ಆಮೇಲೆ ನಾಲಿಗೆ. ಆಮೇಲೆ ಭಯವೂ.

ಭಯ ಹೋದದ್ದೇ ವಿಚಿತ್ರವಾಗಿತ್ತು. ಚಿಕ್ಕಪ್ಪ ಬಂದು ಹೊಸ್ತಿಲಿಂದಲೇ ಇಣುಕಿ “ಭೇಷ್!” ಎಂದಾಗ ಉತ್ತರ ಕೊಡಲು ಬಾಯಿ ತೆರೆದಳು. ಗಾಳಿಯೂ ಹೊರಡಲಿಲ್ಲ. ಚಿಕ್ಕಪ್ಪ ಅವಳ ತುಟಿಗಳನ್ನೇ ಒಂದು ಗಳಿಗೆ ನೋಡಿದ. ಆಮೇಲೆ ದಾರಿಯುದ್ದಕ್ಕೂ ಬೇರೆ ಏನೇನೋ ಮಾತಾಡಿದ.

ಮನೆಯಲ್ಲಿ ಅಮ್ಮ ಒಲೆಯ ಕಡೆ ಮುಖ ಮಾಡಿ, ಇವಳಿಗೆ ಬೆನ್ನು ಕೊಟ್ಟು, ಸೋರುವ ನಲ್ಲಿಯಿಂದ ಹಿಡಿದು ಅತ್ತೆಯ ಮಂಡಿನೋವಿನವರೆಗೆ ಎಲ್ಲ ಹೇಳಿಕೊಂಡಳು. ಇವಳು ಬಾಗಿಲಿಗೊರಗಿ ನಿಂತೇ ಇದ್ದಳು. ಗಂಟಲನ್ನು ಒತ್ತಿ ಹಿಡಿದು, ನರ ಉಬ್ಬುವಂತೆ, ಅಮ್ಮಾ ಎನ್ನಲು ನೋಡಿದಳು.

“ಹೂಂ, ನೀನು ಹೇಳೋದೂ ಸರೀನೇ ಬಿಡು,” ಎಂದಳು ಅಮ್ಮ, ತಿರುಗದೆ.

ಡೈರಿ ತೆರೆದು ಬರೆದಳು: ‘ಬಾಯಿ ಮರಗಟ್ಟಿದೆ.’ ಆ ಪದವನ್ನೇ ನೋಡಿದಳು. ಅದರೊಳಗೂ ಒಂದು ಕಟ್ಟು ಕೂತಿತ್ತು. ಎರಡನೆಯ ಸಾಲು ಬರೆಯಬೇಕೆನಿಸಲಿಲ್ಲ. ತೊಂದರೆ ಏನೂ ಅನಿಸಲಿಲ್ಲ. ಅಂಗಡಿಯಲ್ಲಿ, ಬಸ್ಸಿನಲ್ಲಿ, ನೆಂಟರ ನಡುವೆ ಇಷ್ಟು ವರ್ಷ ಎದೆ ಹೊಡೆದುಕೊಂಡು ಹುಡುಕಿದ ಮಾತುಗಳು ಇನ್ನು ಬೇಕಾಗಿಲ್ಲ. ಹಾಯಾಗಿಯೇ ಇತ್ತು. ಆ ಹಾಯಿಯೊಳಗೆ ಎಲ್ಲೋ ದೂರದಲ್ಲಿ ಯಾರೋ ಬಾಗಿಲು ಬಡಿಯುತ್ತಿದ್ದರು. ಅದು ತಾನೇ ಎಂದು ಗೊತ್ತಿತ್ತು. ಏಳಲಿಲ್ಲ.

ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲು ಟೇಪು ಕೀಳಬೇಕು, ಇಲ್ಲದಿದ್ದರೆ ಅಂಚು ಹರಿಯುತ್ತದೆ. ಮರುದಿನ ಚಿಕ್ಕಪ್ಪ ಅವಳನ್ನು ಕಟ್ಟಡದ ಮುಂದೆ ಇಳಿಸಿ, ಮಾಲೀಕನನ್ನು ಕಂಡುಬರುತ್ತೇನೆಂದು ಹೋದ. ಮೆಟ್ಟಿಲ ಬುಡದಲ್ಲಿ ಹೊಲಿಗೆ ಯಂತ್ರ ನಿಂತಿತು.

“ಕಟ್ಟಿದೆಯಾ?”

ಅವಳು ಬಾಯಿ ತೆರೆದಳು, ಮುಚ್ಚಿದಳು. ದರ್ಜಿ ಹೆಂಗಸಿನ ಮುಖ ಬಿಳಿಚಿತು. ದನಿ ಹೋದದ್ದನ್ನು ಕಂಡ ಮೊದಲನೆಯವಳು ಆ ಅಪರಿಚಿತೆ.

“ಮಾಲೀಕನ ಅಕ್ಕ ಇದ್ದಳು ಆ ಮನೇಲಿ,” ಪಿಸುಗುಟ್ಟಿದಳು. “ತಮ್ಮನ ಬಗ್ಗೆ ಎಲ್ಲರ ಮುಂದೆ ಏನೋ ಹೇಳ್ತೀನಿ ಅಂತಿದ್ದಳು. ಅವನು ಮಾಟ ಮಾಡಿಸಿ ಅವಳ ಬಾಯಿ ಕಟ್ಟಿಸಿದ. ಏನು ಹೇಳೋಳಿದ್ದಳೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅವಳು ಸತ್ತಳು, ಕಟ್ಟು ಸಾಯಲಿಲ್ಲ.” ಓಣಿಯ ಕಡೆ ನೋಡಿದಳು. “ಬಣ್ಣ ಗಟ್ಟಿಯಾಗೋ ಮುಂಚೆ ಒಳಗಿರೋ ಮಾಟಾನ ಹೊರಗೆ ತೆಗಿ. ಬ್ಲೇಡು ತಾಗಿಸಬೇಡ, ಉಗುರಲ್ಲೇ. ಕೈಲಿ ಹಿಡ್ಕೊಂಡಾಗ ಒಂದು ಮಾತಿಗೆ ದನಿ ಬರುತ್ತೆ. ನುಂಗಿಕೊಂಡಿರೋ ನಿಜ ಒಂದನ್ನ ಹೇಳಬೇಕು. ಗೋಡೆಗೆ ಹೇಳಿದ್ರೆ ಆಗಲ್ಲ, ಕೇಳೋ ಕಿವಿ ಬೇಕು.” ದರ್ಜಿ ಹೆಂಗಸು ಒಂದು ಹೆಜ್ಜೆ ಹಿಂದೆ ಸರಿದಳು. “ಯಾರು ಕೇಳ್ತಾರೋ, ಕಟ್ಟು ಅವರಿಗೆ ಹೋಗುತ್ತೆ.”

ಅವಳು ತಾನು ತೊಟ್ಟಿದ್ದ ನೀಲಿ ಮೇಲಂಗಿಯನ್ನು ಮುಟ್ಟಿ ತೋರಿಸಿದಳು.

“ಹೂಂ, ಆ ಶಿಳ್ಳೆ ಹುಡುಗ. ತೆಗೆದ ಪಾಪ. ಎದುರಿಗೆ ನಿಮ್ಮ ಚಿಕ್ಕಪ್ಪ ನಿಂತಿದ್ದ. ನನ್ನ ಸಂಸಾರ ಇದೆ ಅಂತ ಕೈ ಮುಗಿದ. ಹುಡುಗ ಏನೂ ಹೇಳದೆ ಅದನ್ನ ತಿರುಗಿ ಒಳಗೇ ಹಾಕಿ ಇಳಿದುಹೋದ.”

ಹೇಳದೆ ಕೇಳದೆ. ಚಿಕ್ಕಪ್ಪ ಸುಳ್ಳು ಹೇಳಿರಲಿಲ್ಲ.

“ನನಗೆ ಮಾತ್ರ ಹೇಳಬೇಡ ತಾಯೀ.” ದರ್ಜಿ ಹೆಂಗಸು ಒಳಗೆ ಹೋದಳು. ಚಿಲಕ ಬಿತ್ತು. ತುಂಡುಬಟ್ಟೆ ಹರಿಯುವ ಸದ್ದು ಕೇಳಿಸಿತು, ಕಿವಿಗೆ ತುರುಕಿಕೊಳ್ಳಲು.

ಟಬ್ಬು ಹಲ್ಲಿನ ಹಾಗೆ ಹೊಳೆಯುತ್ತಿತ್ತು. ಟೇಪು ಅಂಟಿಸಿದ್ದ ಕಡೆ ಟೇಪು ಇರಲಿಲ್ಲ. ಅಂಚಿರಲಿಲ್ಲ. ತೂತೂ ಇರಲಿಲ್ಲ. ನುಣ್ಣನೆಯ ಬಿಳಿ ತೊಗಲು ಬೆಳೆದು ಮುಚ್ಚಿತ್ತು. ಬೆರಳಿಟ್ಟಳು. ಬೆಚ್ಚಗಿತ್ತು. ಉಗುರು ಊರಿದಳು. ತನ್ನದೇ ತುಟಿ ಉರಿಯಿತು. ಕೆರೆದಳು. ಅಂಗುಲ ಅಂಗುಲ ಸುಲಿದಳು. ಗಲ್ಲದ ಮೇಲೆ ಏನೋ ಇಳಿಯಿತು. ಒರೆಸಿದರೆ ರಕ್ತ. ತೊಗಲು ಹರಿಯಿತು. ಒಳಗಿಂದ ಉಸಿರು ಮುಖಕ್ಕೆ ಬಡಿಯಿತು. ಹಳಸಿದ, ಬಿಸಿ, ಬಹಳ ವರ್ಷಗಳ ಉಸಿರು. ಬಟ್ಟೆ ಎಳೆದಳು. ಕೈ ಇಳಿಸಿದಳು. ಮಣಿಕಟ್ಟಿನವರೆಗೆ. ಮೊಳಕೈವರೆಗೆ. ಏನೋ ಬೆರಳನ್ನು ಹೀರಿತು. ಹಿಡಿದು ಎಳೆದಳು.

ಮೇಣದ ನಾಲಿಗೆ ಅಂಗೈಯಲ್ಲಿ ಮಿಸುಕಿತು. ಗಂಟಲಲ್ಲಿ ಏನೋ ಸಡಿಲಾಯಿತು.

“ಮುದುಕಿ ರೆಡೀನಾ ಕಣೇ? ಮಾಲೀಕ ಇನ್ನೊಂದು ಕಟ್ಟಡದ ಟಬ್ಬೂ ನಮಗೇ...” ಎನ್ನುತ್ತ ಬಂದ ಚಿಕ್ಕಪ್ಪ ಹೊಸ್ತಿಲಲ್ಲೇ ನಿಂತುಬಿಟ್ಟ. ಅವಳ ಕೈಯಲ್ಲಿದ್ದದ್ದನ್ನು ನೋಡಿದ. ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡ.

“ಬೇಡ ಕಣೇ. ನನ್ನ ಚಿನ್ನ ಅಲ್ವಾ. ನನ್ನ ಬಾಯಿಂದಾನೇ ನಿಮ್ಮಮ್ಮನೂ ಉಣ್ತಿರೋದು. ಈ ಮನೆ ಕೆಲಸ ಬಿಟ್ರೆ ಮಾಲೀಕನ ಎಲ್ಲಾ ಮನೆಗಳೂ ಕೈಬಿಟ್ಟು ಹೋಗ್ತವೆ. ಬೇರೆ ಯಾರನ್ನ ಕರ್ಕೊಂಡು ಬರಲಿ ಹೇಳು?” ಅವನ ಕಣ್ಣಲ್ಲಿ ನೀರು ಬಂತು. “ನೀನು ಹೇಗೂ ಮಾತಾಡಲ್ಲ. ಯಾರಿಗೂ ಗೊತ್ತೂ ಆಗಲ್ಲ. ನಿಂಗೇನೇ ವ್ಯತ್ಯಾಸ ಆಗುತ್ತೆ?”

ಸಿಟ್ಟು ಬರಲಿಲ್ಲ. ಬರಬೇಕಿತ್ತು, ಅದಕ್ಕೆ ಕಾದಳು. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಇದನ್ನು ಮತ್ತೆ ಒಳಗೆ ಹಾಕಿದರೆ ಸಂಜೆ ಅಮ್ಮ ಎಂದಿನ ಹಾಗೆ ಮಾತಾಡುತ್ತಾಳೆ, ಇವಳು ಎಂದಿನ ಹಾಗೆ ನಿಂತಿರುತ್ತಾಳೆ. ಬಿಳಿ ತೊಗಲು ಆಗಲೇ ಅಂಚಿನಿಂದ ಕೂಡಿಕೊಳ್ಳುತ್ತಿತ್ತು. ನೋಡುತ್ತ ಕೂತಳು. ಆ ದೂರದ ಬಾಗಿಲು ಬಡಿಯುತ್ತಲೇ ಇತ್ತು. ಬಡಿತ ಈಗ ಸೋಲುತ್ತಿತ್ತು.

ಚಿಕ್ಕಪ್ಪನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಇಬ್ಬರೂ ಅಲ್ಲಾಡಲಿಲ್ಲ. ನಿಂತಿತು. ಮತ್ತೆ ಹೊಡೆದುಕೊಂಡಿತು. ಬದುಕಿಡೀ ಯಾವ ಫೋನನ್ನೂ ತಪ್ಪಿಸದ ಅವನ ಬಲಗೈ, ಅವನನ್ನು ಕೇಳದೆಯೇ, ಕಿವಿಯಿಂದ ಇಳಿದು ಜೇಬಿಗೆ ಹೋಯಿತು.

“ಹಲೋ, ಹೇಳಿ ಸಾರ್...”

ಅವಳು ಎದ್ದು ನಿಂತಳು. ದನಿ ಒಡೆದಿತ್ತು, ಆದರೂ ಅವಳದೇ ಆಗಿತ್ತು.

“ನನಗೂ ಬಾಯಿ ಇದೆ ಅಂತ ನಿಮಗೆ ಗೊತ್ತಿತ್ತು, ಚಿಕ್ಕಪ್ಪ.”