ಕಿಟಕಿ ಕೆಳಗಿನ ಹದಿನಾಲ್ಕು ಇಸವಿ

"ಮೇಡಂ, ಅದನ್ನ ಉಜ್ಬೇಡಿ!"

ಧನುಶ್ರೀ ತಿರುಗಿ ನೋಡುವಷ್ಟರಲ್ಲಿ ಆ ಯುವಕ ರೈಲುಬೋಗಿಯೊಳಗೆ ಬಂದು ಅವಳ ಕೈಯಿಂದ ಸ್ಯಾಂಡ್‌ಪೇಪರ್ ಕಿತ್ತುಕೊಂಡಿದ್ದ. ತಡವಾಗಿತ್ತು. ಕಿಟಕಿ ಕೆಳಗಿನ ಹಲಗೆ ಆಗಲೇ ನುಣ್ಣಗಾಗಿತ್ತು.

ವರ್ಷಗಟ್ಟಲೆ ಜನರನ್ನು ಮೈಸೂರಿನ ಕೆಲಸಕ್ಕೆ ಹೊತ್ತೊಯ್ದು ನಿವೃತ್ತಿಯಾದ ಬೋಗಿ ಅದು. ಪಾಂಡವಪುರ ಸ್ಟೇಷನ್ ಹತ್ತಿರದ ಶೆಡ್ಡಿನಲ್ಲಿ ಒಂದು ಟ್ರಸ್ಟ್ ಅದನ್ನು ಮೊದಲಿನಂತೆ ಮಾಡಿ ಜನರಿಗೆ ತೋರಿಸಲು ಹೊರಟಿತ್ತು. ನಾಗಮಂಗಲದ ಧನುಶ್ರೀಯದು ಬಣ್ಣದ ಕೆಲಸ. ಈ ಯುವಕ ಸಿದ್ದಾರ್ಥನದು ಮರಗೆಲಸ.

ಯಾರೋ ಸುಮ್ಮನೆ ಗೀಚಿದ್ದು ಎಂದುಕೊಂಡು ಅವಳು ಉಜ್ಜಿದ್ದು ಹದಿನಾಲ್ಕು ಇಸವಿಗಳನ್ನು. ದಿನಾ ಓಡಾಡುವವರು ಆಯುಧಪೂಜೆಗೆ ತಮ್ಮ ಬೋಗಿಗೆ ಬಾಳೆಕಂಬ ಕಟ್ಟಿ, ಅಲ್ಲಿ ಆ ವರ್ಷದ ಇಸವಿ ಬರೆಯುತ್ತಿದ್ದರಂತೆ. ಬರೆದ ಕೈ ಸಿದ್ದಾರ್ಥನ ಅಪ್ಪ ದೇವರಾಜು ಅವರದು.

ಯಾವುದನ್ನೇ ಮುಟ್ಟುವ ಮೊದಲು ಫೋಟೊ ತೆಗೆಯಬೇಕಿತ್ತು. ಧನುಶ್ರೀ ಅದನ್ನೂ ಮಾಡಿರಲಿಲ್ಲ.

ಸಿದ್ದಾರ್ಥ ಯಾರಿಗೂ ದೂರು ಹೇಳಲಿಲ್ಲ. ಮೂರು ವಾರ ಇಬ್ಬರೂ ಅದೇ ಬೋಗಿಯಲ್ಲಿ ಕೆಲಸ ಮಾಡಿದರು. ಅವನ ಡಬ್ಬಿಯ ಬಸ್ಸಾರು ಅವಳ ತಟ್ಟೆಗೂ ಬರತೊಡಗಿತು. ಅವನು ಬರುವುದು ಹತ್ತು ನಿಮಿಷ ತಡವಾದರೂ ಅವಳ ಕಣ್ಣು ರಸ್ತೆಯ ಮೇಲೇ ಇರುತ್ತಿತ್ತು. ಹುಡುಗಿ ಸೋತಿದ್ದಳು, ಒಪ್ಪಿಕೊಂಡಿರಲಿಲ್ಲ ಅಷ್ಟೆ.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಟ್ರಸ್ಟಿನ ಶಿವಶಂಕರ್ ಬಂದರು. ಹಳೆಯ ಪ್ರಯಾಣಿಕರೆಲ್ಲ ಉದ್ಘಾಟನೆಗೆ ಬರುತ್ತಾರೆ, ಆ ಇಸವಿಗಳು ಎಲ್ಲಿ ಎಂದು ಕೇಳಿದರು. ಬರೀ ಹಲಗೆ ಕಂಡಿತು. ಮರದ ಕೆಲಸವೆಲ್ಲ ಸಿದ್ದಾರ್ಥನದೇ ತಾನೆ? ಅವರ ಸಿಟ್ಟು ನೇರ ಅವನ ಮೇಲೆ ಹೋಯಿತು.

ಸಿದ್ದಾರ್ಥ ಒಮ್ಮೆ ಅವಳತ್ತ ನೋಡಿದ.

'ಹೇಳು... ಈಗಲೇ ಹೇಳು...' ಮನಸ್ಸು ಒದ್ದಾಡಿತು. ಕೆಲಸ ಹೋದರೆ ಎಂಬ ಭಯ ಬಾಯಿ ಕಟ್ಟಿತು. ಅವಳು ತಲೆ ತಗ್ಗಿಸಿದಳು.

ನಾಳೆಯಿಂದ ಬರಬೇಡ ಎಂದರು ಶಿವಶಂಕರ್. ಅವನು ಉಳಿ, ಸುತ್ತಿಗೆ ತುಂಬಿಕೊಂಡು ಹೊರಟ. ಅರ್ಧ ಉಂಡಿದ್ದ ಡಬ್ಬಿ ಅಲ್ಲೇ ಉಳಿಯಿತು.

ಆ ಡಬ್ಬಿ ತೊಳೆಯುವಾಗ ಧನುಶ್ರೀಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಮೂರು ದಿನ ಕನ್ನಡಿಯಲ್ಲಿ ತನ್ನ ಮುಖವನ್ನು ಸರಿಯಾಗಿ ನೋಡಲಾಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಎಲ್ಲ ಕೆಲಸಗಾರರ ಎದುರು ಶಿವಶಂಕರ್‌ಗೆ ನಿಜ ಹೇಳಿದಳು. ಬೈಸಿಕೊಂಡಳು, ಆದರೆ ಕೆಲಸ ಉಳಿಯಿತು; ಸಿದ್ದಾರ್ಥನನ್ನೂ ಮತ್ತೆ ಕರೆಯಲು ಅವರು ಒಪ್ಪಿದರು. ಆಮೇಲೆ ಖಾಲಿ ಡಬ್ಬಿ ಕೊಡಬಾರದೆಂದು ಒಂದು ಅಚ್ಚು ಬೆಲ್ಲ ಹಾಕಿಕೊಂಡು ಸಿದ್ದಾರ್ಥನ ಮನೆಗೆ ನಡೆದಳು.

ಜಗಲಿಯ ಮೇಲೆ ದೇವರಾಜು ಕೂತಿದ್ದರು. "ಬಾರವ್ವ, ಕೂತ್ಕೊ. ಕೆಲ್ಸ ಮುಗೀತು ಅಂದ್ಬುಟ್ಟು ಮನೇಲೇ ಅವ್ನೆ ಇವ್ನು."

ಅವರಿಗೆ ಏನೂ ಗೊತ್ತಿಲ್ಲ! ಡಬ್ಬಿ ಕೊಟ್ಟು ಹೊರಟುಬಿಡಬಹುದಿತ್ತು. ಬಾಗಿಲಲ್ಲಿ ನಿಂತ ಸಿದ್ದಾರ್ಥ ಬೇಡವೆಂದು ತಲೆ ಆಡಿಸಿದ.

"ನೀವು ಬರೆದಿದ್ದ ಇಸವಿಗಳನ್ನ ಅಳಿಸಿದ್ದು ನಾನು. ನಿಮ್ಮ ಮಗನ ಮೇಲೆ ತಪ್ಪು ಬಂದಾಗ ಸುಮ್ಮನಿದ್ದೆ."

"ನಮ್ಮ ಜೊತೆಗಾರ್ರಲ್ಲಿ ನಾಕು ಜನ ಈಗಿಲ್ಲ ಕಣವ್ವ," ಎಂದರು ದೇವರಾಜು. "ಅದ ನೋಡುದ್ರೆ ಅವ್ರೂ ಇದ್ದಂಗೆ ಇರದು."

ಅವಳು ಅಳುತ್ತಾ, ಮತ್ತೆ ಬರೆದುಕೊಡಿ ಎಂದು ಬೇಡಿಕೊಂಡಳು.

"ಬ್ಯಾಡ. ಹೋಗಿದ್ದು ಹೋಯ್ತು. ಈ ವರ್ಸದ್ದು ಬರೀತೀನಿ, ಬುಡು." ಅವರು ಬೆಲ್ಲ ತೆಗೆದುಕೊಂಡು ಒಳಗೆ ಹೋದರು.

"ಅವತ್ತೇ ನನ್ನ ಹೆಸರು ಹೇಳಬಹುದಿತ್ತಲ್ಲ?" ಸಿದ್ದಾರ್ಥನನ್ನು ಕೇಳಿದಳು.

"ನೀವೇ ಹೇಳ್ತೀರ ಅಂತ ಕಾಯ್ತಿದ್ದೆ."

ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕಣ್ಣೊರೆಸಿಕೊಂಡು ಹೇಳಿದಳು, "ಆ ಹಲಗೆ ಕೆಳಗೆ ಒಂದು ಬೋರ್ಡು ಹಾಕ್ತೀನಿ. ಇಲ್ಲಿ ಹದಿನಾಲ್ಕು ಇಸವಿಗಳಿದ್ದವು, ಅಳಿಸಿದ್ದು ಧನುಶ್ರೀ ಅಂತ."

"ಪಕ್ಕದಲ್ಲಿ ನನ್ನೆಸ್ರೂ ಬರೀರಿ."

"ಅಳಿಸಿದ್ದು ನೀವಲ್ಲವಲ್ಲ..."

"ಅಳಿಸಿದ್ದಕ್ಕಲ್ಲ ಕಣ್ರೀ," ಅವನು ಡಬ್ಬಿಯ ಜೊತೆಗೆ ಅವಳ ಕೈಯನ್ನೂ ಹಿಡಿದುಕೊಂಡ. "ನಿಮ್ಮ ಹೆಸ್ರು ಒಂದೇ ಅಲ್ಲಿ ತಲೆ ತಗ್ಗಿಸ್ಕೊಂಡು ನಿಲ್ಲೋದು ಬ್ಯಾಡ."