ಗೊತ್ತಿಲ್ಲದ ನಂಬರು

"ಶ್! ಯಾರೂ ಮಾತಾಡಬೇಡಿ. ಹೆಂಗಸು ಮಾತಾಡ್ತಿದ್ದಾಳೆ!"

ಮೆಣಸಿ ರಿಸೀವರನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ಕೈಯನ್ನು ಟ್ರಾಫಿಕ್ ಪೊಲೀಸನ ಹಾಗೆ ಮೇಲೆತ್ತಿದಳು.

"ಯಾವ ಹೆಂಗಸು?" ತಾತ ಗಾಬರಿಯಾದರು.

"ಮೆಷಿನ್ ಹೆಂಗಸು ತಾತ. ಕೋಡ್ ಒತ್ತಿ ಅಂತಿದ್ದಾಳೆ."

ಅವಳು ಕಾರ್ಡಿನಲ್ಲಿದ್ದ ಹನ್ನೆರಡು ಅಂಕಿ ಒತ್ತಿದಳು. ಆಮೇಲೆ ದೊಡ್ಡಜ್ಜಿಯ ನಂಬರು, ಕೊನೆಗೆ ಹ್ಯಾಶ್. ತಾತ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಕುರ್ಚಿಯ ತುದಿಯಲ್ಲಿ ಕೂತು, ಒಳ್ಳೇ ಪರೀಕ್ಷೆಗೆ ಬಂದವರ ಹಾಗೆ ಕಾಯುತ್ತಿದ್ದರು.

ದೊಡ್ಡಜ್ಜಿ ಅಂದರೆ ತಾತನ ಅಕ್ಕ. ಎರಡು ದಿನದ ದಾರಿಯಷ್ಟು ದೂರದ ಊರಲ್ಲಿ ಮಗಳ ಮನೆಯಲ್ಲಿದ್ದರು. ಪ್ರತಿ ಭಾನುವಾರ ಬೆಳಗ್ಗೆ ಹತ್ತಕ್ಕೆ ತಾತ ಅವರಿಗೆ ಫೋನ್ ಮಾಡಬೇಕು. ಮಾಡೋದು ತಮ್ಮನ ಕೆಲಸ, ಎತ್ತೋದು ಅಕ್ಕನ ಕೆಲಸ. ಎತ್ತಿದ ಕೂಡಲೇ ಜಗಳ ಶುರು. ಚಿಕ್ಕವರಿದ್ದಾಗ ಅಪ್ಪನ ಕನ್ನಡಕ ಮುರಿದವರು ಯಾರು ಅನ್ನೋದು ಅರವತ್ತು ವರ್ಷವಾದರೂ ತೀರ್ಮಾನ ಆಗಿರಲಿಲ್ಲ.

ಆದರೆ ಹೋದ ತಿಂಗಳ ಫೋನ್ ಬಿಲ್ಲು ನೋಡಿ ಅಮ್ಮ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ಅಮ್ಮನಿಗೆ ಲಾಂಡ್ರಿಯಲ್ಲಿ ಕೆಲಸ. ದಿನವಿಡೀ ನಿಂತು ಹೋಟೆಲುಗಳ ಬೆಡ್‌ಶೀಟ್ ಇಸ್ತ್ರಿ ಮಾಡಬೇಕು. ಮಣಿಕಟ್ಟಿನ ಮೇಲೆ ಸುಟ್ಟ ಕಲೆಗಳು ಸಾಲಾಗಿದ್ದವು.

"ಅಪ್ಪಾ, ಬೇಜಾರು ಮಾಡ್ಕೋಬೇಡ. ದೂರದ ಫೋನಿಗೆ ಲಾಕ್ ಹಾಕಿಸ್ತೀನಿ," ಅಂದಿದ್ದಳು. ತಾತ "ಹಾಕಿಸಮ್ಮ" ಅಂದರು. ಆ ದಿನ ರಾತ್ರಿ ಊಟ ಮಾಡಲಿಲ್ಲ.

ಆಗ ಮೆಣಸಿಯೇ ದಾರಿ ಹುಡುಕಿದ್ದು. ಸ್ಟೇಷನರಿ ಅಂಗಡಿಯ ಗಾಜಿಗೆ ಅಂಟಿಸಿದ್ದ ಚೀಟಿಯಲ್ಲಿ 'ಮನೆ ಫೋನಿನಿಂದಲೇ ದೂರದ ಕರೆ, ಕಾಲು ಭಾಗ ಖರ್ಚು' ಅಂತಿತ್ತು. ಮೊದಲು ಇದೇ ಊರಿನ ಒಂದು ನಂಬರಿಗೆ ಫೋನ್ ಮಾಡಬೇಕು. ಅಲ್ಲಿಂದ ಅವರು ಲೈನ್ ಕೊಡುತ್ತಾರೆ. ಅಂಗಡಿಯವನ ಹತ್ತಿರ ಮೂರು ಸಲ ಕೇಳಿ, ಎಲ್ಲಾ ಬರೆದುಕೊಂಡು, ಕಾರ್ಡು ಕೊಂಡುತಂದಳು. "ನಮ್ಮ ಮೆಣಸಿ ಇಂಜಿನಿಯರ್ರೇ ಸರಿ," ಅಂತ ಅಮ್ಮ ಕೆನ್ನೆ ಹಿಂಡಿದಳು. ಮೆಣಸಿ ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

"ರಿಂಗ್ ಆಗ್ತಿದೆ ತಾತ! ತಗೋ!"

ತಾತ ರಿಸೀವರ್ ಹಿಡಿದು ಕಾದರು. ಕಾದೇ ಕಾದರು. ಕೊನೆಗೆ ಕಟ್ ಆಯಿತು.

"ಸ್ನಾನಕ್ಕೆ ಹೋಗಿರಬೇಕು," ಅಂದರು.

ಅರ್ಧ ಗಂಟೆ ಬಿಟ್ಟು ಮಾಡಿದರು. ಎತ್ತಲಿಲ್ಲ.

ಮುಂದಿನ ಭಾನುವಾರವೂ ಅದೇ ಕತೆ. ತಾತನ ಮುಖ ಚಿಕ್ಕದಾಯಿತು. "ಮುನಿಸಿಕೊಂಡಿದ್ದಾಳೆ ಕಣೇ. ಹೋದ ಸಲ ಕನ್ನಡಕದ ವಿಷಯಕ್ಕೆ ನಾನು ಸ್ವಲ್ಪ ಜೋರು ಮಾಡಿಬಿಟ್ಟೆ."

ಮೂರನೇ ಭಾನುವಾರ ತಾತ ಮೆಲ್ಲಗೆ ಕೇಳಿದರು. "ನಂಬರು ಸರಿಯಾಗಿ ಒತ್ತಿದೀಯ ತಾನೆ?"

"ನೂರಕ್ಕೆ ನೂರು ಸರಿ ತಾತ! ಬೇಕಾದ್ರೆ ನೀನೇ ನೋಡು." ಮೆಣಸಿಗೆ ಸಿಟ್ಟೇ ಬಂತು.

"ಮೂಲೆ ಅಂಗಡಿಯ ಫೋನಿನಿಂದ ಒಂದು ಸಲ ಮಾಡಿ ನೋಡಲಾ?"

"ಅಲ್ಲಿ ಸಿಕ್ಕಾಪಟ್ಟೆ ದುಡ್ಡು ಕೀಳ್ತಾರೆ ತಾತ. ಮುಂದಿನ ವಾರ ಎತ್ತೇ ಎತ್ತುತ್ತಾರೆ, ನೋಡ್ತಿರು."

ತಾತ ಹೂಂ ಅಂದು, ಕಿಟಕಿ ಹತ್ತಿರದ ಬೆಂಚಿಗೆ ಹೋಗಿ ಕೂತರು. ಅಲ್ಲಿ ಅವರ ಬೀಗಗಳು, ಅರಗಳು ಇದ್ದವು. ಬೀಗ ರಿಪೇರಿ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಆದರೂ ಬೀದಿಯವರು ಕೀ ಕಳೆದುಕೊಂಡರೆ ಈಗಲೂ ಇಲ್ಲಿಗೇ ಬರುತ್ತಿದ್ದರು.

ಬುಧವಾರ ಬೆಳಗ್ಗೆ ಅಮ್ಮ ಮೆಣಸಿಗೆ ಜಡೆ ಹಾಕುತ್ತಿದ್ದಾಗ ಫೋನು ಬಡಿದುಕೊಂಡಿತು. ಅಮ್ಮ ಬಾಚಣಿಗೆಯನ್ನು ಕೂದಲಲ್ಲೇ ಬಿಟ್ಟು ಹೋಗಿ ಎತ್ತಿದಳು. "ಯಾವಾಗ?" ಅಂತ ಕೇಳಿದಳು.

ದೊಡ್ಡಜ್ಜಿ ಮಲಗಿದಲ್ಲೇ ಹೋಗಿಬಿಟ್ಟಿದ್ದರು.

ಮೆಣಸಿ ಆ ದಿನ ಸ್ಕೂಲಿಗೆ ಹೋಗಲಿಲ್ಲ. ಒಂದು ಜಡೆ ಹೆಣೆದಾಗಿತ್ತು, ಇನ್ನೊಂದು ಬಿಚ್ಚಿಕೊಂಡೇ ಇತ್ತು. ಸಂಜೆಯವರೆಗೂ ಯಾರಿಗೂ ಅದು ಕಾಣಲಿಲ್ಲ. ಅಷ್ಟು ದೂರ ಹೊರಟರೂ ಮುಖ ನೋಡೋಕೆ ಸಿಗಲ್ಲ ಅಂತ ಅಮ್ಮ ತಾತನಿಗೆ ಮತ್ತೆ ಮತ್ತೆ ಹೇಳುತ್ತಿದ್ದಳು. ತಾತ ಚಪ್ಪಲಿ ಹಾಕಿಕೊಳ್ಳುವುದು, ಬಿಡುವುದು, ಮತ್ತೆ ಹಾಕಿಕೊಳ್ಳುವುದು ಮಾಡುತ್ತಿದ್ದರು.

ಭಾನುವಾರ ಮಧ್ಯಾಹ್ನ ಫೋನು ಬಂದಾಗ ಮೆಣಸಿಯೇ ಎತ್ತಿದಳು. ಬೇಕರಿ ಅತ್ತೆ! ದೊಡ್ಡಜ್ಜಿಯ ಮಗಳು. ಬೇಕರಿಯಲ್ಲಿ ಕೇಕ್ ಮಾಡುತ್ತಿದ್ದುದರಿಂದ ಆ ಹೆಸರು.

"ತಾತ ಇದ್ದಾರಾ ಮಗು?" ಅತ್ತೆ ಕೇಳಿದರು. "ಅವರಿಗೆ ಹುಷಾರಿರಲಿಲ್ವಾ? ಮೂರು ಭಾನುವಾರ ಫೋನೇ ಮಾಡಲಿಲ್ಲ."

"ಮಾಡಿದ್ವಿ ಅತ್ತೆ! ಮೂರೂ ವಾರ ಮಾಡಿದ್ವಿ!"

"ಇಲ್ಲಮ್ಮ. ಅಮ್ಮ ಫೋನಿನ ಪಕ್ಕದಲ್ಲೇ ಕೂತಿರ್ತಿದ್ರು. ಸಂಜೆವರೆಗೂ 'ಅವನು ಯಾಕೆ ಮಾಡಲಿಲ್ಲ' ಅಂತ ಒಂದೇ ಸಮ ಕೇಳೋರು. ನಾನು ಮಾಡಿ ಕೊಡ್ತೀನಿ ಅಂದ್ರೆ ಬೇಡ, ಅವನೇ ಮಾಡಲಿ ಅನ್ನೋರು. ಯಾವುದೋ ಗೊತ್ತಿಲ್ಲದ ನಂಬರು ಮಾತ್ರ ಬರ್ತಿತ್ತಂತೆ. ಅಂಥದ್ದು ಎತ್ತಬೇಡ, ಮೋಸ ಮಾಡ್ತಾರೆ ಅಂತ ನಾನೇ ಹೇಳಿದ್ದೆ."

ಮೆಣಸಿಗೆ ಈಗ ಹೊಳೆಯಿತು. ಅಲ್ಲಿ ದೊಡ್ಡಜ್ಜಿಯ ಫೋನಿನಲ್ಲಿ ತಾತನ ನಂಬರು ಮೂಡಿರಲೇ ಇಲ್ಲ. ಲೈನ್ ಕೊಡುವ ಕಂಪನಿಯ ನಂಬರು ಮೂಡಿತ್ತು.

ಅವಳು ರಿಸೀವರನ್ನು ತಾತನ ಕೈಗೆ ಕೊಟ್ಟು ಬಾಗಿಲ ಬಳಿ ನಿಂತಳು. ತಾತ ಬಹಳ ಹೊತ್ತು ಕೇಳಿಸಿಕೊಂಡರು. "ಹೂಂ... ಹೂಂ... ಇರಲಿ ಬಿಡಮ್ಮ," ಅಂದು ಇಟ್ಟರು.

ಮರುದಿನ ಕ್ಲಾಸಿನಲ್ಲಿ ಪಕ್ಕದ ಹುಡುಗಿ ಪಿಸುಗುಟ್ಟಿದಳು. "ಏ, ಆ ಸಸ್ತಾ ಫೋನಿನ ಕಾರ್ಡು ಎಲ್ಲಿ ಸಿಗುತ್ತೆ ಹೇಳೇ. ನಮ್ಮಮ್ಮನಿಗೂ ಬೇಕಂತೆ."

"ನನಗೆ ಗೊತ್ತಿಲ್ಲ," ಅಂದಳು ಮೆಣಸಿ. ಗಣಿತದ ಪುಸ್ತಕದಲ್ಲಿ ಅಂಕಿಗಳೇ ತುಂಬಿದ್ದವು. ಅವನ್ನು ನೋಡಲು ಆಗಲಿಲ್ಲ. ಪುಸ್ತಕ ಮುಚ್ಚಿದಳು.

ಮಂಗಳವಾರ ಸಂಜೆ ತಾತ ಬೆಂಚಿನಲ್ಲಿ ಕೂತು ಯಾರದೋ ಮನೆಯ ಕೀ ಉಜ್ಜುತ್ತಿದ್ದರು. ಮೆಣಸಿ ಬಂದು ಸ್ಟೂಲಿನ ಮೇಲೆ ಕೂತಳು. ಎದ್ದಳು. ಮತ್ತೆ ಕೂತಳು.

"ಏನೇ, ಇರುವೆ ಬಿಟ್ಕೊಂಡವರ ಹಾಗೆ ಆಡ್ತೀಯ?"

"ತಾತ, ನನ್ನಿಂದಲೇ ಆಯ್ತು." ಹೇಳುವಷ್ಟರಲ್ಲಿ ಅಳು ನುಗ್ಗಿ ಬಂತು. "ಆ ಕಾರ್ಡಿನಿಂದ ಮಾಡಿದ್ರೆ ನಮ್ಮ ನಂಬರು ಕಾಣಲ್ಲ. ಅದಕ್ಕೇ ದೊಡ್ಡಜ್ಜಿ ಎತ್ತಲಿಲ್ಲ. ನೀನು ಅಂಗಡಿಯಿಂದ ಮಾಡ್ತೀನಿ ಅಂದಾಗ ನಾನೇ ಬೇಡ ಅಂದೆ."

ತಾತ ಅರ ಕೆಳಗಿಟ್ಟರು. ಬೈಯುತ್ತಾರೆ ಅಂತ ಮೆಣಸಿ ತಲೆ ತಗ್ಗಿಸಿದಳು.

"ಎಷ್ಟು ಹೊತ್ತು ರಿಂಗ್ ಆಗ್ತಿತ್ತು?" ಅಂತ ಕೇಳಿದರು ತಾತ.

"ಕಟ್ ಆಗೋವರೆಗೂ."

"ಮೂರು ವಾರಾನೂ?"

"ಹೂಂ."

"ಅಂದ್ಮೇಲೆ ನಿನಗ್ಯಾಕೆ ಅಳು? ಅವಳೇನು ದಡ್ಡಿ ಅಂದ್ಕೊಂಡ್ಯಾ? ಭಾನುವಾರ, ಸರಿಯಾಗಿ ಹತ್ತಕ್ಕೆ, ಜಿಗಣೆ ಹಾಗೆ ಬಿಡದೆ ಬಡ್ಕೊಳ್ಳೋ ಫೋನು ಇನ್ಯಾರದ್ದು ಇರುತ್ತೆ? ನಾನೇ ಅಂತ ಗೊತ್ತಾಗಿರುತ್ತೆ ಅವಳಿಗೆ. ಬೇಕಂತಲೇ ಸತಾಯಿಸಿದ್ದಾಳೆ."

ತಾತ ನಕ್ಕರು. ಕೀಯನ್ನು ಎತ್ತಿ ಬೆಂಚಿನ ಇಕ್ಕಳದಲ್ಲಿ ಸಿಕ್ಕಿಸಲು ಹೋದರು. ಅದು ಜಾರಿತು. ಮತ್ತೆ ಸಿಕ್ಕಿಸಲು ಹೋದರು. ಮತ್ತೆ ಜಾರಿತು. ಕಣ್ಣು ಮುಚ್ಚಿಕೊಂಡೇ ಕೀ ಮಾಡಬಲ್ಲ ಕೈ ಅದು.

ಮೆಣಸಿ ಆ ಕೈಯನ್ನೇ ನೋಡುತ್ತಿದ್ದಳು. ದೊಡ್ಡಜ್ಜಿ ಸಂಜೆವರೆಗೂ ಕೇಳುತ್ತಿದ್ದರು ಅಂತ ಬೇಕರಿ ಅತ್ತೆ ತನಗೆ ಹೇಳಿದ ಮೇಲೆ ತಾತನಿಗೂ ಹೇಳಿರಲೇಬೇಕು. ಅಂದರೆ ತಾತನಿಗೆ ಭಾನುವಾರದಿಂದ ಎಲ್ಲವೂ ಗೊತ್ತು. ಕಾರ್ಡಿನದ್ದೂ ಗೊತ್ತು, ದೊಡ್ಡಜ್ಜಿಗೆ ಗೊತ್ತಾಗಿರಲಿಲ್ಲ ಅನ್ನೋದೂ ಗೊತ್ತು. ಎರಡು ದಿನ ತಾತ ಯಾರ ಹತ್ತಿರವೂ ಅದರ ಬಗ್ಗೆ ಒಂದು ಮಾತು ಆಡಿರಲಿಲ್ಲ.

ಅವಳು ಕಣ್ಣು ಒರೆಸಿಕೊಂಡಳು.

"ಹೌದು ತಾತ," ಅಂದಳು. "ಗೊತ್ತಾಗಿರುತ್ತೆ."

ಆಮೇಲೆ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, ಕೀ ಜಾರದ ಹಾಗೆ ಅದರ ತುದಿಯನ್ನು ಎರಡು ಬೆರಳಿನಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.