ಅರವತ್ತೆರಡನೇ ನಂಬರಿನ ಬಾಗಿಲು

2003ನೇ ಇಸವಿ ಅಕ್ಟೋಬರ್ 12, ಭಾನುವಾರ. ಮಧ್ಯಾಹ್ನ ಒಂದು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ ಎನ್ನುವಾಗ ಕೆಟಲ್ ಫೋರ್ಕ್ ಷೆರಿಫ್ ಠಾಣೆಗೆ ಫೋನು ಬಂತು. ಎತ್ತಿದವನು ಡೆಪ್ಯುಟಿ ಪ್ರೂಯಿಟ್. ಮಾಡಿದವರು ಕರ್ಟಿಸ್ ಸಿಗ್ಮನ್, ಕಾಲುಚೀಲದ ಗಿರಣಿಯಲ್ಲಿ ಮೇಲ್ವಿಚಾರಕರಾಗಿದ್ದು ನಿವೃತ್ತರಾದವರು. ಕಾರ್ ರೇಸಿನ ಹುಚ್ಚು ನಮ್ಮ ಕಡೆ ಯಾರಿಗಿಲ್ಲ ಹೇಳಿ? ಆದರೆ ಆ ಹುಚ್ಚಿಗೆಂದೇ ಮನೆಗೊಂದು ಕೋಣೆ ಸೇರಿಸಿ ಕಟ್ಟಿಸಿ, ಹಳೆಯ ಚಾಲಕರ ಚರಿತ್ರೆ ಎಂದು ದಪ್ಪನೆಯ ಪುಸ್ತಕವನ್ನೂ ಬರೆದವರು ಜಿಲ್ಲೆಗೆಲ್ಲ ಅವರೊಬ್ಬರೇ.

"ಚರ್ಚಿಂದ ಬಂದು ನೋಡ್ತೀವಿ, ಹಿಂದಿನ ಬಾಗಿಲು ತೆಗೆದಿದೆ," ಎಂದರು ಸಿಗ್ಮನ್. "ಬೊಲಿಕ್ ಬಾಗಿಲು ಹೋಯ್ತು."

"ಇನ್ನೇನೇನು ಹೋಗಿದೆ?"

"ಇನ್ನೇನಯ್ಯ ಹೋಗ್ಬೇಕು? ಅದೇ ಹೋಯ್ತಲ್ಲ."

ರೇಸ್ ಕಾರಿಗೆ ಬಾಗಿಲು ಅನ್ನುವುದು ಹೆಸರಿಗಷ್ಟೇ. ಅದು ತೆರೆಯುವುದಿಲ್ಲ, ಬರೀ ತಗಡು. ಚಾಲಕ ಕಿಟಕಿಯಿಂದ ತೂರಿ ಒಳಗೆ ಕೂರುತ್ತಾನೆ. ಎಂಟು ವರ್ಷದ ಹಿಂದೆ ನಮ್ಮೂರಿನ ಸ್ಪೀಡ್‌ವೇಯ ಮೂರನೇ ತಿರುವಿನಲ್ಲಿ ಅರವತ್ತೆರಡನೇ ನಂಬರಿನ ಕಾರು ಗಿರ್ರನೆ ತಿರುಗಿ ಅಡ್ಡ ನಿಂತುಬಿಟ್ಟಿತು. ಹಿಂದೆ ಬರುತ್ತಿದ್ದ ಕಾರು ತಪ್ಪಿಸಿಕೊಳ್ಳಲಾಗದೆ ಚಾಲಕನ ಪಕ್ಕಕ್ಕೇ ಗುದ್ದಿತು. ಡೇರಿಲ್ ಬೊಲಿಕ್ ಅಲ್ಲೇ ತೀರಿಕೊಂಡ. ಅವನಿಗಾಗ ಇಪ್ಪತ್ತಾರು ವರ್ಷ. ಆ ದಿನ ಒಳಕ್ಕೆ ಕುಸಿದ ತಗಡು ಕೈಯಿಂದ ಕೈಗೆ ದಾಟಿ ಕೊನೆಗೆ ಸಿಗ್ಮನ್ನರ ಗೋಡೆ ಸೇರಿತ್ತು. ಅದರ ಮೇಲೆ ಬೆಳಕು ಬೀಳುವಂತೆ ಅವರೊಂದು ದೀಪವನ್ನೂ ಹಾಕಿಸಿದ್ದರು.

ತನಿಖೆ ವಹಿಸಿಕೊಂಡವರು ಡಿಟೆಕ್ಟಿವ್ ಲೊರೆಟ್ಟಾ ಟೀಗ್. ಅರ್ಧ ಗಂಟೆಯೊಳಗೆ ಪ್ರೂಯಿಟ್ ಜೊತೆ ಸಿಗ್ಮನ್ನರ ಮನೆಗೆ ಬಂದು ಸ್ಥಳ ಮಹಜರು ಶುರುಮಾಡಿದರು. ಹಿಂಬಾಗಿಲಿನ ಬೀಗ ಹಳೆಯದು, ಚಾಕುವಿನ ತುದಿಗೇ ಸೋತಿತ್ತು. ಕೋಣೆಯಲ್ಲಿ ಚಾಲಕರು ಸಹಿ ಹಾಕಿದ ಹೆಲ್ಮೆಟ್ಟುಗಳು, ಪೆಟ್ಟಿಗೆಯಿಂದ ಒಮ್ಮೆಯೂ ತೆಗೆಯದ ಪುಟ್ಟ ಲೋಹದ ಕಾರುಗಳು, ಕಪಾಟಿನ ತುಂಬ ರೇಸಿನ ಪುಸ್ತಕಗಳು, ಎಲ್ಲ ಇದ್ದಲ್ಲೇ ಇದ್ದವು. ಬಾಗಿಲು ತೂಗುಹಾಕಿದ್ದ ಜಾಗ ಮಾತ್ರ ಖಾಲಿ. ಅದನ್ನು ಗೋಡೆಗೆ ಹಿಡಿದಿಟ್ಟಿದ್ದು ರೇಸ್ ಕಾರುಗಳಲ್ಲಿ ಬಳಸುವ, ಕಾಲು ಸುತ್ತು ತಿರುಗಿಸಿದರೆ ಬಿಟ್ಟುಕೊಳ್ಳುವ ಐದು ತಿರುಪುಗಳು. ಕಳ್ಳ ಅವನ್ನು ಕಿತ್ತು ಬಿಸಾಡಿರಲಿಲ್ಲ. ಐದನ್ನೂ ಒಂದು ಕಾಫಿ ತಟ್ಟೆಯಲ್ಲಿ ಒಟ್ಟಿಗೆ ಇಟ್ಟುಹೋಗಿದ್ದ.

"ಕಳ್ಳ ಬಹಳ ಮರ್ಯಾದಸ್ಥ," ಎಂದ ಪ್ರೂಯಿಟ್. "ಹೊರಗೆ ನೋಡಿದ್ರಾ ಮೇಡಂ? ಅಳಿಲಿಗೆ ಅನ್ನದಾನಾನೂ ಮಾಡಿದ್ದಾನೆ."

ಹಿಂದಿನ ಮೆಟ್ಟಿಲ ಮೇಲೆ ಒಂದು ಬಟ್ಟಲು ಹುರಿದ ಕಡಲೆಕಾಯಿ ಇತ್ತು. ಸಿಪ್ಪೆ ಸುತ್ತಲೂ ಚೆಲ್ಲಾಡಿತ್ತು.

"ಬರೋರು ತಿನ್ಲಿ ಅಂತ ಕೋಣೇಲಿ ಇಟ್ಟಿದ್ದೆ," ಎಂದರು ಸಿಗ್ಮನ್ನರ ಹೆಂಡತಿ ನೋರಿನ್. "ಹೊರಗೆ ಹ್ಯಾಗೆ ಹೋಯ್ತೋ ಗೊತ್ತಿಲ್ಲ."

ಟೀಗ್ ಅದನ್ನೂ ಬರೆಸಿದರು. ಅವರ ಮನಸ್ಸು ಬೇರೆ ಕಡೆ ಇತ್ತು. ಖಾಲಿ ಜಾಗದ ಪಕ್ಕದ ಗೋಡೆಯಲ್ಲಿ ಫೋಟೋಗಳ ಸಾಲು. ಬಾಗಿಲು ನೋಡಲು ಬಂದವರನ್ನೆಲ್ಲ ಅದರ ಪಕ್ಕ ನಿಲ್ಲಿಸಿ ಸಿಗ್ಮನ್ ಹೊಡೆದಿದ್ದು. ಎರಡನೇ ಸಾಲಿನಲ್ಲಿ ಟೀಗ್ ಇದ್ದರು. ಒಂದು ಕೈ ತಗಡಿನ ಕುಳಿಯೊಳಗೆ, ಇನ್ನೊಂದು ಕೈಯ ಹೆಬ್ಬೆರಳು ಮೇಲೆ, ಬಾಯಿ ತುಂಬ ನಗು.

"ಮೇಡಂ, ಚೆನ್ನಾಗಿ ಬಂದಿದ್ದೀರಿ," ಎಂದ ಪ್ರೂಯಿಟ್.

"ನಿನ್ನ ಕೆಲಸ ನೋಡ್ಕೋ."

ಸಿಗ್ಮನ್ ಸೋಫಾದ ಅಂಚಿಗೆ ಕೂತು ಟೋಪಿ ತಿರುವುತ್ತಿದ್ದರು. ಬರುವ ಶನಿವಾರ ಚರ್ಚಿನ ಸಭಾಂಗಣದಲ್ಲಿ ಅವರ ಪುಸ್ತಕದ ಬಿಡುಗಡೆ ಇತ್ತು. ಬಾಗಿಲನ್ನು ಅಲ್ಲೇ ನಿಲ್ಲಿಸುವುದೆಂದು ಆಗಲೇ ಊರಿಗೆಲ್ಲ ಸಾರಿಯಾಗಿತ್ತು.

"ಯಾರ ಮೇಲಾದ್ರೂ ಅನುಮಾನ ಇದೆಯಾ?"

"ಗಾರ್ಲೆಂಡ್ ಮೇಬ್. ಎರಡು ವರ್ಷದಿಂದ ಕೊಡು ಕೊಡು ಅಂತ ಪ್ರಾಣ ತಿಂತಿದ್ದ."

ಮೇಬ್ ಸಂತೆಯಲ್ಲಿ ರೇಸಿನ ಹಳೇ ಸಾಮಾನು ಮಾರುವವನು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವನ ವಿಚಾರಣೆ ನಡೆಯಿತು.

"ಆ ಬಾಗಿಲು ಕೇಳಿದ್ರಂತೆ?"

"ಕೇಳಿದ್ದೆ. ಕೊಡಲ್ಲ ಅಂದ."

"ನಿನ್ನೆ ಬೆಳಿಗ್ಗೆ ಎಲ್ಲಿದ್ರಿ?"

"ಚರ್ಚಲ್ಲಿ ಕಾಣಿಕೆ ತಟ್ಟೆ ಹಿಡ್ಕೊಂಡು ಓಡಾಡ್ತಿದ್ದೆ. ನಿಮ್ಮ ಮುಂದೂ ಹಿಡಿದೆನಲ್ಲ ಮೇಡಂ, ಆಗ ನೀವು ಕಿಟಕಿ ಕಡೆ ನೋಡಿದ್ರಿ."

ಪ್ರೂಯಿಟ್ ಕೆಮ್ಮಿದ.

"ನಾನಾಗಿದ್ರೆ ಆ ಹೆಲ್ಮೆಟ್ ಬಿಟ್ಟು ಬರ್ತಿದ್ನಾ?" ಎಂದ ಮೇಬ್. "ಜಜ್ಜಿದ ತಗಡೊಂದನ್ನೇ ಹೊತ್ಕೊಂಡು ಹೋದೋನು ವ್ಯಾಪಾರದೋನಲ್ಲ."

ಆ ಮಾತು ಸರಿಯಾಗಿತ್ತು. ತಿರುಪುಗಳನ್ನು ಅಷ್ಟು ಸಲೀಸಾಗಿ ಬಿಚ್ಚಿದ್ದರಿಂದ ಕಳ್ಳ ರೇಸಿನ ಷೆಡ್ಡಿನಲ್ಲಿ ಕೆಲಸ ಮಾಡಿದವನೇ ಎಂದು ಟೀಗ್ ತರ್ಕಿಸಿದರು. ಮಂಗಳವಾರ ಮಧ್ಯಾಹ್ನ ಇಬ್ಬರೂ ಸ್ಪೀಡ್‌ವೇಗೆ ಹೋದರು. ಕಾರುಗಳನ್ನು ರಿಪೇರಿ ಮಾಡುವ ಅಂಗಳದ ಗೇಟಿನಲ್ಲಿ ಎವರೆಟ್ ಶೂಕ್ ಎಂಬ ಮುದುಕ ಕುರ್ಚಿ ಹಾಕಿಕೊಂಡು ಕೂತಿದ್ದ. ಟೀಗ್‌ರನ್ನು ಒಳಗೆ ಬಿಟ್ಟ. ಪ್ರೂಯಿಟ್‌ನ ಎದೆಗೆ ಅಡ್ಡ ಕೈ ಹಿಡಿದ.

"ಲೇ ತಮ್ಮಾ, ಕೈಯಲ್ಲೇನದು?"

"ಕಡಲೆಕಾಯಿ."

"ಹೊರಗಿಟ್ಟು ಬಾ."

"ಬೇಕಾದ್ರೆ ನೀನೂ ತಗೋ ತಾತ."

"ಸಿಪ್ಪೆ ಕಡಲೆಕಾಯಿ ಈ ಗೇಟು ದಾಟಲ್ಲ. ಪೊಲೀಸ್ನೋನಾಗು, ಪಾದ್ರಿಯಾಗು. ಕಾರಿನ ಹತ್ರ ಕಡಲೆಕಾಯಿ ಬಂತು ಅಂದ್ರೆ ಅಪಶಕುನ. ಸತ್ತೋರ ಕಾರಲ್ಲಿ ಅದರ ಸಿಪ್ಪೆ ಸಿಕ್ಕಿದೆ, ನಿಮ್ಮಪ್ಪ ಹುಟ್ಟೋಕೆ ಮುಂಚೆ."

ಪ್ರೂಯಿಟ್ ನಗುತ್ತ ಪೊಟ್ಟಣವನ್ನು ಗೇಟಿನ ಹೊರಗಿನ ಕಟ್ಟೆಯ ಮೇಲಿಟ್ಟ. ಟೀಗ್ ನಗಲಿಲ್ಲ. ಸಿಗ್ಮನ್ನರ ಹಿಂದಿನ ಮೆಟ್ಟಿಲು ಅವರ ಕಣ್ಣ ಮುಂದೆ ಬಂದಿತ್ತು. ಕಳ್ಳತನಕ್ಕೆ ಬಂದವನು ಕೆಲಸ ಶುರುಮಾಡುವ ಮುಂಚೆ ಬಟ್ಟಲನ್ನು ಎತ್ತಿ ಹೊರಗಿಟ್ಟಿದ್ದ.

"ಶೂಕ್ ತಾತ, ಈ ಕಾಲದಲ್ಲಿ ಇದನ್ನ ಯಾರು ಪಾಲಿಸ್ತಾರೆ?"

"ಈಗಿನ ಹುಡುಗರು ನಗ್ತಾರೆ. ನಾನಿದ್ದೀನಿ. ಹಾಯ್ಟ್ ಬೊಲಿಕ್ ಇದ್ದಾನೆ. ಕಾರಿನ ಹತ್ರ ಕಡಲೆಕಾಯಿ ತಂದ ಅಂತ ಸ್ವಂತ ಮಗನ್ನೇ ಷೆಡ್ಡಿಂದ ಆಚೆ ಹಾಕಿದೋನು ಅವನು."

ಹಾಯ್ಟ್ ಬೊಲಿಕ್ ಡೇರಿಲ್‌ನ ಅಪ್ಪ. ಅರವತ್ತೆರಡನೇ ನಂಬರಿನ ಕಾರನ್ನು ಕಟ್ಟಿದವರೂ ಅವರೇ. ಕಳ್ಳ ಯಾರೆಂದು ಗೊತ್ತಾದ ಕೂಡಲೇ ಟೀಗ್‌ಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಕಾರಿನಿಂದಲೇ ಸಿಗ್ಮನ್ನರಿಗೆ ಫೋನ್ ಮಾಡಿದರು.

"ಹಾಯ್ಟ್ ಬೊಲಿಕ್ ಯಾವತ್ತಾದ್ರೂ ನಿಮ್ಮ ಕೋಣೆಗೆ ಬಂದಿದ್ರಾ?"

"ಹೋದ ತಿಂಗಳು ಚರ್ಚಿನ ಹಿರಿಯರ ಜೊತೆ ಬಂದಿದ್ರು. ಬಾಗಿಲ ಕಡೆ ನೋಡ್ಲೇ ಇಲ್ಲ. ಫೋಟೋಗಳನ್ನ ಒಂದೊಂದಾಗಿ ನೋಡ್ತಾ ನಿಂತಿದ್ರು."

"ಬಾಗಿಲು ಬೇಕು ಅಂತ ಕೇಳಿದ್ರಾ?"

"ಇಲ್ಲ. ಕೊಡ್ಲಾ ಅಂತ ನಾನೂ ಕೇಳ್ಲಿಲ್ಲ."

"ಕಡಲೆಕಾಯಿ ಅಪಶಕುನ ಅಂತಾರಲ್ಲ, ನಿಮಗೆ ಗೊತ್ತಿತ್ತಾ?"

"ಪುಸ್ತಕದಲ್ಲಿ ಅದರ ಮೇಲೆ ಒಂದು ಅಧ್ಯಾಯಾನೇ ಬರೆದಿದ್ದೀನಿ," ಎಂದರು ಸಿಗ್ಮನ್. ಅವರ ದನಿ ಇಳಿದುಹೋಗಿತ್ತು. ಬರೆದಿಟ್ಟಿದ್ದನ್ನು ಅವರು ಯಾವತ್ತೂ ನಿಜವೆಂದು ತಿಳಿದಿರಲಿಲ್ಲ.

ಚರ್ಚಿನಲ್ಲಿ ವಿಚಾರಿಸಿದಾಗ ಹಾಯ್ಟ್ ಭಾನುವಾರ ಬಂದಿರಲಿಲ್ಲವೆಂದು ತಿಳಿಯಿತು. ಗಂಡನಿಗೆ ಸೊಂಟ ನೋವು ಎಂದು ಹೆಂಡತಿ ಯೂಲಾ ಒಬ್ಬರೇ ಬಂದಿದ್ದರು. ಬುಧವಾರ ಮಧ್ಯಾಹ್ನ ಮೂರಕ್ಕೆ ನ್ಯಾಯಾಧೀಶರಿಂದ ಶೋಧನಾ ವಾರಂಟ್ ಸಿಕ್ಕಿತು.

ಬೊಲಿಕ್ ಮನೆಯ ಹಿಂದಿನ ಷೆಡ್ಡಿನಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಜೋರಿನ ಹೊಡೆತವಲ್ಲ, ಒಂದೇ ಸಮನೆ, ಸಣ್ಣಗೆ. ಎಪ್ಪತ್ತು ದಾಟಿದ ಹಾಯ್ಟ್ ಬಾಗಿಲನ್ನು ಎರಡು ಮರದ ಸ್ಟ್ಯಾಂಡುಗಳ ಮೇಲೆ ಮಲಗಿಸಿದ್ದರು. ತಗಡಿನ ಕೆಳಗೆ ಕಬ್ಬಿಣದ ಗಟ್ಟಿಯೊಂದನ್ನು ಒತ್ತಿ ಹಿಡಿದು ಮೇಲಿನಿಂದ ತಟ್ಟುತ್ತಿದ್ದರು. ಕುಳಿ ಅರ್ಧಕ್ಕರ್ಧ ಹೋಗಿತ್ತು. ಮೇಲೆ ಬರೆದಿದ್ದ ನಂಬರಿನಲ್ಲಿ ಆರು ನೆಟ್ಟಗಾಗಿತ್ತು, ಎರಡು ಇನ್ನೂ ಮಡಚಿಕೊಂಡಿತ್ತು.

ಅವರು ತಲೆಯೆತ್ತಿ ಟೀಗ್ ಮುಖ ನೋಡಿದರು.

"ನಿಮ್ಮನ್ನ ನೋಡಿದ್ದೀನಿ."

"ಎಲ್ಲಿ?"

"ಅವರ ಗೋಡೆ ಮೇಲೆ. ಡೇರಿಲ್ ಭುಜ ತಾಗಿದ ಜಾಗದಲ್ಲಿ ಕೈ ಇಟ್ಕೊಂಡಿದ್ರಿ."

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಿತ್ತು. ಟೀಗ್‌ಗೆ ಆ ಕೈಯನ್ನು ಎಲ್ಲಿ ಬಚ್ಚಿಡುವುದೆಂದು ತಿಳಿಯಲಿಲ್ಲ; ನಾಚಿಕೆಯಿಂದ ಕಿವಿಯವರೆಗೂ ಬಿಸಿಯೇರಿತು. ಆದರೂ ಕೇಳಬೇಕಾದ್ದನ್ನು ಕೇಳಿದರು.

"ಭಾನುವಾರ ಇದನ್ನ ಸಿಗ್ಮನ್ ಅವ್ರ ಮನೆಯಿಂದ ತಂದಿದ್ದು ನೀವೇನಾ?"

"ನಾನೇ."

"ಅಲ್ಲಿಗೆ ಇದು ಹೋಗಿದ್ದು ಹ್ಯಾಗೆ, ಗೊತ್ತಾ?"

ಹಾಯ್ಟ್ ಸುತ್ತಿಗೆ ಕೆಳಗಿಟ್ಟರು. "ಮಾರಿದ್ದು ನಾನೇ ತಾಯಿ."

ಮಗನನ್ನು ಮಣ್ಣು ಮಾಡಿದ ದಿನ ಯೂಲಾ ಕೇಳಿದ್ದು ಒಂದೇ ಮಾತು: ಆ ಕಾರಿನ ಚೂರೂ ಭೂಮಿ ಮೇಲೆ ಉಳಿಯಕೂಡದು. ಗುಜರಿಯವನ ಹತ್ತಿರ ಅರೆಸಿ ಹಾಕಿಸಿದೆ ಎಂದು ಹಾಯ್ಟ್ ಆಣೆ ಮಾಡಿದ್ದರು. ಬಾಗಿಲನ್ನು ಅರೆಸಿರಲಿಲ್ಲ, ಅದು ಷೆಡ್ಡಿನ ಹಿಂದಿನ ತಗಡಿನ ರಾಶಿಯಲ್ಲೇ ಬಿದ್ದಿತ್ತು. ಸಣ್ಣ ಷೆಡ್ಡುಗಳಲ್ಲಿ ರೇಸಿನ ಮಾರನೇ ದಿನ ಜಜ್ಜಿದ ತಗಡು ಮಾರುವುದು ರೂಢಿ. ಅಭಿಮಾನಿಗಳು ಬಂದು ಬಾಚಿಕೊಂಡು ಹೋಗುತ್ತಾರೆ. ಒಂದು ಸೋಮವಾರ ಪರವೂರಿನವನೊಬ್ಬ ಟ್ರಕ್ಕು ತಂದು ಇಡೀ ರಾಶಿ ಕೊಡಿ ಎಂದ.

"ಅದು ಮೇಲೆ ಬಂದಾಗ ನಂಬರ್ ಕಾಣಿಸ್ತು," ಎಂದರು ಹಾಯ್ಟ್. "ಬೇಡ ಅನ್ನೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಅವನು ಆ ತುದಿ ಎತ್ತಿದ್ದ. ಇಷ್ಟು ವರ್ಷದ ಅಭ್ಯಾಸ ನೋಡಿ, ಈ ತುದಿ ನಾನು ಹಿಡ್ಕೊಟ್ಟೆ. ನಾನೇ ಹಿಡಿದು ಟ್ರಕ್ಕಿಗೆ ಹಾಕಿದೆ."

ಪ್ರೂಯಿಟ್ ಬರೆಯುವುದನ್ನು ನಿಲ್ಲಿಸಿದ್ದ.

"ಸಿಗ್ಮನ್ ಅವ್ರನ್ನ ಕೇಳಿದ್ರೆ ಕೊಡ್ತಿದ್ರೇನೋ," ಎಂದರು ಟೀಗ್.

"ಕೇಳಿದ್ರೆ, ನಿಮ್ಮ ಹತ್ರ ಇದ್ದದ್ದು ಹೊರಗೆ ಹ್ಯಾಗೆ ಬಂತು ಅಂತ ಕೇಳ್ತಾನಲ್ಲ. ಆ ಮನುಷ್ಯ ಎಲ್ಲಾನೂ ಪುಸ್ತಕಕ್ಕೆ ಹಾಕ್ತಾನೆ. ಶನಿವಾರ ಚರ್ಚಲ್ಲಿ ಇದನ್ನ ನಿಲ್ಲಿಸ್ತಾರಂತೆ. ಯೂಲಾ ಅಲ್ಲಿಗೆ ಕಡುಬು ಮಾಡಿ ತಗೊಂಡು ಹೋಗ್ತಾಳೆ. ಊರೋರು ಅವಳ ಮುಂದೆ ಇದರ ಮಾತೇ ಎತ್ತಲ್ಲ. ಇದು ಅವಳ ಕಣ್ಣಿಗೆ ಬೀಳಬಾರದಿತ್ತು, ಅಷ್ಟೇ."

"ತಂದ್ಮೇಲೆ ಎಸೀಬಹುದಿತ್ತು."

"ಎಸೆಯೋಕೆ ಆಗ್ಲಿಲ್ಲ. ಹಾಗೇ ನೋಡೋಕೂ ಆಗ್ಲಿಲ್ಲ. ನಂಗೆ ಬರೋದು ಇದೊಂದೇ ಕೆಲಸ." ಅವರು ಎರಡರ ಅಂಕಿಯ ಮೇಲಿನ ಮಡಿಕೆಯನ್ನು ಹೆಬ್ಬೆರಳಿನಿಂದ ಸವರಿದರು. "ಇನ್ನೆರಡು ದಿನ ಸಿಕ್ಕಿದ್ರೆ ನೆಟ್ಟಗಾಗ್ತಿತ್ತು."

ನಾಲ್ಕು ಗಂಟೆಗೆ ಟೀಗ್ ಅವರನ್ನು ಬಂಧಿಸಿದರು. ಕೈಕೋಳ ಹಾಕಲಿಲ್ಲ. ಪ್ರೂಯಿಟ್ ಬಾಗಿಲಿನ ಒಂದು ತುದಿ ಹಿಡಿದಾಗ ಹಾಯ್ಟ್ ಇನ್ನೊಂದು ತುದಿಗೆ ಕೈ ಹಾಕಹೋಗಿ ತಟ್ಟನೆ ಹಿಂದಕ್ಕೆ ಸರಿದರು. ಆ ತುದಿಯನ್ನು ಟೀಗ್ ಹಿಡಿದರು.

ಮನೆಯ ಮುಂದಿನ ಜಗಲಿಯಲ್ಲಿ ಯೂಲಾ ನಿಂತಿದ್ದರು. ಕೈತುಂಬ ಹಿಟ್ಟು. ಬಾಗಿಲನ್ನು ನೋಡಿದರು, ನಂಬರನ್ನು ನೋಡಿದರು, ಆಮೇಲೆ ಗಂಡನನ್ನು.

"ಅರೆಸಿರ್ಲಿಲ್ಲ ಯೂಲಾ," ಎಂದರು ಹಾಯ್ಟ್. "ಮಾರಿದ್ದೆ."

ಯೂಲಾ ಕೈಯ ಹಿಟ್ಟನ್ನು ನಿಧಾನವಾಗಿ ಒರೆಸಿಕೊಂಡರು. "ಮೂರು ದಿನದಿಂದ ಸುತ್ತಿಗೆ ಸದ್ದು ಕೇಳ್ತಿದ್ದೆ," ಎಂದರು, ಗಂಡನಿಗಲ್ಲ, ಟೀಗ್‌ಗೆ. "ಡೇರಿಲ್ ಹೋದ ಮೇಲೆ ಆ ಷೆಡ್ಡಲ್ಲಿ ಸದ್ದೇ ಇರ್ಲಿಲ್ಲ. ಅಂತೂ ಮನುಷ್ಯ ಚೇತರಿಸ್ಕೊಂಡ ಅನ್ಕೊಂಡೆ. ಖುಷಿಯಾಗಿತ್ತು ನಂಗೆ."

ಒಳಗೆ ಹೋಗಿ ಗಂಡನ ಕೋಟು ತಂದರು. ಹಾಯ್ಟ್ ಕೈಯಳತೆಯಲ್ಲೇ ನಿಂತಿದ್ದರು. ಯೂಲಾ ಕೋಟನ್ನು ಟೀಗ್ ಕೈಗೆ ಕೊಟ್ಟು, "ಇದನ್ನ ಅವನಿಗೆ ಕೊಡಿ, ರಾತ್ರಿ ಚಳಿಯಾಗುತ್ತೆ," ಎಂದು ಒಳಗೆ ಹೋದರು.

ಐದೂವರೆಗೆ ಸಿಗ್ಮನ್ ಠಾಣೆಗೆ ಬಂದು ಬಾಗಿಲನ್ನು ಗುರುತಿಸಿದರು. ನೆಟ್ಟಗಾದ ಅರ್ಧವನ್ನು ಬಹಳ ಹೊತ್ತು ನೋಡಿದರು.

"ದೂರು ವಾಪಸ್ ತಗೊಳ್ಳೋಕೆ ಆಗುತ್ತಾ?"

"ಅದನ್ನ ಸರ್ಕಾರಿ ವಕೀಲರು ಹೇಳ್ಬೇಕು," ಎಂದರು ಟೀಗ್. "ಕೇಸು ಬೇಡ ಅಂತ ನಿಮ್ಮ ಹೇಳಿಕೆ ಬರ್ಕೊಳ್ತೀನಿ."

"ಗೋಡೆ ಮೇಲಿನ ಫೋಟೋ ಎಲ್ಲ ತೆಗೆದೆ." ಸಿಗ್ಮನ್ ಜೇಬಿನಿಂದ ಒಂದನ್ನು ತೆಗೆದು ಮೇಜಿನ ಮೇಲೆ ಮಗುಚಿಟ್ಟರು. "ಇದು ನಿಮ್ದು."

ಟೀಗ್ ಅದನ್ನು ತಿರುಗಿಸಿ ನೋಡಲಿಲ್ಲ. ಸಿಗ್ಮನ್ ಹೋಗುವಾಗ ಹಾಯ್ಟ್ ಕೂತಿದ್ದ ಬೆಂಚಿನ ಮುಂದೆ ನಿಂತರು. ಹಾಯ್ಟ್ ನೆಲ ನೋಡುತ್ತಿದ್ದರು, ಸಿಗ್ಮನ್ ತಮ್ಮ ಟೋಪಿ ನೋಡುತ್ತಿದ್ದರು.

ಹಾಯ್ಟ್ ಹೇಳಿಕೆಯನ್ನು ಬರೆದುಕೊಳ್ಳಲು ಕುರ್ಚಿ ಎಳೆದುಕೊಂಡ ಪ್ರೂಯಿಟ್ ಪೆನ್ನಿಗೆಂದು ಜೇಬಿಗೆ ಕೈ ಹಾಕಿದ. ಕಡಲೆಕಾಯಿ ಪೊಟ್ಟಣ ಸರಕ್ ಎಂದಿತು. ಅವನು ಗೋಡೆಗೆ ಒರಗಿಸಿದ್ದ ಬಾಗಿಲನ್ನು ನೋಡಿ, ಸದ್ದಿಲ್ಲದೆ ಎದ್ದು ಹೊರಟ.

"ಇರ್ಲಿ ಬಿಡು ಮಗಾ," ಎಂದರು ಹಾಯ್ಟ್. "ಈಗ ಇನ್ನೇನಾಗ್ಬೇಕು."

ಪ್ರೂಯಿಟ್ ಆದರೂ ಪೊಟ್ಟಣವನ್ನು ಹೊರಗಿನ ಮೆಟ್ಟಿಲ ಮೇಲಿಟ್ಟು ಬಂದು, ಮತ್ತೆ ಕೂತು ಬರೆಯತೊಡಗಿದ.